ಕಿವಿಯಲ್ಲಿ ಹೇಳಿದ ಹೆಸರು

ಫೆಬ್ರವರಿ 8, 2024, ಗುರುವಾರ

ಕೂಸಿಗೆ ಎಣ್ಣೆ ಹಚ್ಚಿ ಎರೆದದ್ದಾಯಿತು. ಲೋಬಾನ ಹಾಕಿದ್ದಾಯಿತು. ಒಂದೇ ಕೋಣೆಯ ಮನೆ, ಹೊಗೆ ಹೋಗಲು ದಾರಿಯಿಲ್ಲ. ಕೂಸು ಸುಮ್ಮನಿತ್ತು, ನಾವೇ ಕೆಮ್ಮಿದೆವು. ಕೆಳಗಿನ ಮನೆಯ ದೇವಕ್ಕ ಬಂದು, ಸಿಲಿಂಡರ್ ಸಿಡಿಯಿತೇನೋ ಎಂದು ಓಡಿ ಬಂದೆ ಎಂದಳು. ತಲೆ ಬಾಚಿ ಹೂ ಮುಡಿದು ಓಡಿ ಬಂದಿದ್ದಳು.

ಇವತ್ತಿಗೆ ಹತ್ತೊಂಬತ್ತು ದಿನ. ಗಂಡು ಕೂಸು. ಇನ್ನೂ ಹೆಸರಿಲ್ಲ. ಆಸ್ಪತ್ರೆ ಚೀಟಿಯಲ್ಲಿ 'ಬೇಬಿ ಆಫ್ ಮಹಾದೇವಿ'. ಹಾಲು ಕುಡಿಸುವಾಗಲೂ ಮಹಾದೇವಿಯ ಇನ್ನೊಂದು ಕೈಯಲ್ಲಿ ಫೋನು. ಹೆಸರು ಹುಡುಕುತ್ತಾಳಂತೆ. ಮನೆಯಲ್ಲೇ ಇರುವ ಹೆಸರನ್ನು ಫೋನಿನಲ್ಲಿ ಏಕೆ ಹುಡುಕುತ್ತೀ ಸೊಸೆಯೇ ಎಂದೆ. ಕೊಟ್ರಪ್ಪ ಎಂದಿಡು. ಕೂಸಿನ ಅಪ್ಪನ ಹೆಸರು.

ಮಹಾದೇವಿ ಕೂಸನ್ನು ಎದೆಗೆ ಹಿಡಿದುಕೊಂಡೇ ಗೋಡೆಯ ಕಡೆ ತಿರುಗಿದಳು.

ಫೆಬ್ರವರಿ 11, ಭಾನುವಾರ

ನನ್ನ ಕೊಟ್ರಾ ಹೋಗಿ ಐದು ತಿಂಗಳು. ಪೀಣ್ಯದ ಕಾರ್ಖಾನೆಯಿಂದ ಶಿಫ್ಟ್ ಮುಗಿಸಿ ಬರುತ್ತಿದ್ದ. ಹಿಂದಿನಿಂದ ಲಾರಿ. ಆಗ ಮಹಾದೇವಿಗೆ ಐದು ತಿಂಗಳು ತುಂಬಿತ್ತು. ಇಪ್ಪತ್ತೊಂಬತ್ತು ವರ್ಷದ ಮಗ.

ಅವನಿಗಿಂತ ಮೊದಲು ಇನ್ನೊಬ್ಬ ಇದ್ದ. ಅವನೂ ಕೊಟ್ರಪ್ಪನೇ. ಎರಡು ವರ್ಷ ತುಂಬಿ ಮೂರರಲ್ಲಿದ್ದ, ದಡಾರ ಬಂದು ಹೋದ. ಮರುವರ್ಷ ಮತ್ತೆ ಗಂಡು ಹುಟ್ಟಿತು. ನಮ್ಮತ್ತೆ ತೊಟ್ಟಿಲಿಗೆ ಬಾಗಿ ನೋಡಿ, ಹೋದವನೇ ಬಂದಾನ, ಅದೇ ಹೆಸರು ಇಡ್ರಿ ಎಂದಳು. ಇಟ್ಟೆವು. ಬಂದನಲ್ಲ. ಇಪ್ಪತ್ತೊಂಬತ್ತು ವರ್ಷ ಇದ್ದನಲ್ಲ. ಹೆಸರು ಹಿಡಿದು ಕರೆದರೆ ಬರುತ್ತಾರೆ. ನನಗೆ ಗೊತ್ತಿರುವುದು ಇದೊಂದೇ ವಿದ್ಯೆ.

ನಮ್ಮ ಕೊಟ್ಟೂರು ಕಡೆ ಓಣಿಯಲ್ಲಿ ನಿಂತು ಕೊಟ್ರಾ ಎಂದರೆ ನಾಲ್ಕು ಮನೆಯಿಂದ ತಲೆ ಹೊರಗೆ ಬರುತ್ತದೆ. ಈ ರಾಜಗೋಪಾಲನಗರದಲ್ಲಿ ಕರೆದರೆ ಒಂದೂ ಬರುವುದಿಲ್ಲ ಈಗ.

ಫೆಬ್ರವರಿ 16, ಶುಕ್ರವಾರ

ಹೆಸರು ಸಿಕ್ಕಿತಂತೆ. ವಿಹಾನ್. ಹಾಗೆಂದರೇನು ಎಂದೆ. ಬೆಳಗಾಗುವುದು ಎಂದಳು. ಬೆಳಗಾಗುವುದಕ್ಕೆ ನಮ್ಮಲ್ಲಿ ಕೋಳಿ ಇದ್ದವು ಎಂದೆ.

ಯಾರಿಗೂ ಇಲ್ಲದ ಹೆಸರು ಬೇಕಂತೆ. ನಾನು ಬಾಯಿ ಮಾಡಿದೆ. ಕಣ್ಣೀರು ಹಾಕಿದೆ. ಮೂರು ತುತ್ತು ಉಣ್ಣದೆ ಎದ್ದೆ. ಅವಳು ಅಳಲಿಲ್ಲ, ಜಗಳಕ್ಕೂ ಬರಲಿಲ್ಲ. ತಟ್ಟೆಗೆ ಮುಚ್ಚಳ ಮುಚ್ಚಿಟ್ಟು, ಹಸಿವಾದಾಗ ಉಣ್ಣಿರಿ ಎಂದಳು. ಇಂಥವಳ ಜೊತೆ ಹೇಗೆ ಜಗಳವಾಡುವುದು? ಕಲ್ಲಿಗೆ ಕಲ್ಲು ತಾಗಬೇಕು. ಇವಳು ಹತ್ತಿ.

ಕೇಳಿದೆ, ಅವನ ಹೆಸರೆಂದರೆ ನಿನಗೆ ಇಷ್ಟು ಭಾರವೇ ಎಂದು. 'ಹೌದ್ರಿ' ಎಂದಳು. ಅಷ್ಟೇ.

ಫೆಬ್ರವರಿ 22, ಗುರುವಾರ

ಭಾನುವಾರ ತೊಟ್ಟಿಲು. ಅವಳವ್ವ ನೀಲಾಂಬಿಕಾ ಹರಪನಹಳ್ಳಿಯಿಂದ ಬಂದಿದ್ದಾಳೆ. ಬಂದ ಗಳಿಗೆಯಿಂದ ಒಂದೇ ಪ್ರಶ್ನೆ — ಹೆಸರು ಹೇಳುವವರು ಯಾರು? ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನಗೆ ಹೆಣ್ಣು ಹುಟ್ಟಲಿಲ್ಲ. ಹಾಗಾದರೆ ದೇವಕ್ಕ ಹೇಳಲಿ ಎಂದಳು. ದೇವಕ್ಕನಿಗೆ ಗಂಡನಿದ್ದಾನೆ. ಇದ್ದಾನೆ ಎನ್ನುವುದೊಂದೇ, ದಿನಾ ಸಂಜೆ ಅವನನ್ನು ಹುಡುಕಿ ತರಬೇಕು.

ನನ್ನ ಹೆಸರು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಗಂಡನನ್ನು ಕಳೆದುಕೊಂಡವಳು, ಮಗನನ್ನೂ ನುಂಗಿಕೊಂಡವಳು. ಮೂಲೆಯಲ್ಲಿ ಕುಳಿತು ಬೆಳ್ಳುಳ್ಳಿ ಬಿಡಿಸಿದೆ.

ಆಗ ಮಹಾದೇವಿ ಅಂದದ್ದು: 'ಅತ್ತಿ ಹೇಳ್ತಾರ.'

ನೀಲಾಂಬಿಕಾ, 'ಮುತ್ತೈದಿ ಬಾಯಿಂದ ಬರಬೇಕಬೇ ಮೊದಲ ಮಾತು' ಎಂದಳು.

'ನಾನೂ ಮುತ್ತೈದಿ ಅಲ್ಲ. ಹಂಗಂತ ಮಗನ್ನ ಮುಟ್ಟಬಾರದೇನು? ಅತ್ತಿ ಬಾಯಿ ಖಾರ ಇರಬೌದು. ನನಗ ಅವರ ಮ್ಯಾಲೆ ನಂಬಿಕಿ ಐತಿ. ಅವರೇ ಹೇಳಲಿ.'

ಬೆಳ್ಳುಳ್ಳಿ ಕಣ್ಣಿಗೆ ಏರಿದವರ ಹಾಗೆ ಒರೆಸಿಕೊಂಡೆ.

ಫೆಬ್ರವರಿ 25, ಭಾನುವಾರ. ಸಂಜೆ

ಎಲ್ಲ ಹೋದರು. ಬಾಡಿಗೆಯ ತೊಟ್ಟಿಲನ್ನು ಶಾಮಿಯಾನದವನು ಒಯ್ದ. ತಾಯಿ ಮಗು ಮಲಗಿದ್ದಾರೆ. ಬೆನ್ನು ನೋಯುತ್ತಿದೆ.

ಚೆನ್ನಾಗಿ ಆಯಿತು. ಕೂಸನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿ ಮಲಗಿಸಿದರು. ಜೋಗುಳ ದೇವಕ್ಕನಿಗೆ ಬರದು, ಸುಮ್ಮನೆ ಬಾಯಿ ಆಡಿಸಿದಳು. ಆಮೇಲೆ ನನ್ನನ್ನು ಕರೆದರು. ಬಾಗಿ ಕಿವಿಗೆ ಬಾಯಿಟ್ಟೆ. ಕುರ್ರ್ ಎಂದೆ. ಮೂರು ಸಲ ಕುರ್ರ್ ಎಂದು ಹೆಸರು ಹೇಳಬೇಕು. ಹೇಳುವವಳ ಬೆನ್ನಿಗೆ ಸುತ್ತ ನಿಂತ ಹೆಂಗಸರು ಗುದ್ದಬೇಕು. ನಗು, ಗದ್ದಲ, ಗುದ್ದು. ದೇವಕ್ಕನ ಮುಷ್ಟಿ ಒನಕೆ. ಆ ಗದ್ದಲದಲ್ಲಿ ಕಿವಿಯಲ್ಲಿ ಏನು ಹೇಳಿದರೂ ಕೂಸೊಂದಕ್ಕೇ ಕೇಳಿಸುವುದು.

ಎದ್ದು ನಿಂತು ಎಲ್ಲರಿಗೂ ಕೇಳುವಂತೆ ವಿಹಾನ್ ಎಂದೆ. ಸಕ್ಕರೆ ಹಂಚಿದರು. ಮಹಾದೇವಿ ನನ್ನ ಕಾಲಿಗೆ ಬಿದ್ದಳು.

ಕಿವಿಯಲ್ಲಿ ಹೇಳಿದ್ದು ಕೊಟ್ರಪ್ಪ.

ಮೂರು ಸಲ ಹೇಳಿದೆ. ಕಿವಿಗೆ ಮೊದಲು ಬಿದ್ದದ್ದೇ ಹೆಸರು. ಬಾಯಲ್ಲಿ ಕೂಗಿದ್ದು ಊರಿಗೆ, ಆಧಾರ್ ಕಾರ್ಡಿಗೆ. ಅವಳು ಏನು ಬೇಕಾದರೂ ಬರೆಸಲಿ. ನನ್ನ ಮಗ ಮನೆಗೆ ಬಂದಾಯಿತು.

ಕಾಲಿಗೆ ಬೀಳದಿದ್ದರೆ ಚೆನ್ನಾಗಿತ್ತು.

ಮಾರ್ಚ್ 7, ಗುರುವಾರ

ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು. ಸಿಸ್ಟರ್ ಬಾಗಿಲಿಗೆ ಬಂದು ವಿಹಾನ್ ಎಂದು ಕೂಗಿದಳು. ಮೂವರು ತಾಯಂದಿರು ಎದ್ದರು. ಯಾರಿಗೂ ಇಲ್ಲದ ಹೆಸರು! ನಕ್ಕು ನಕ್ಕು ಸಾಕಾಯಿತು. ಯಾವ ವಿಹಾನನಿಗೆ ಮೊದಲು ಚುಚ್ಚುತ್ತೀಯವ್ವ ಎಂದು ಸಿಸ್ಟರನ್ನೇ ಕೇಳಿದೆ.

ಮಹಾದೇವಿಯೂ ನಕ್ಕಳು, ಸ್ವಲ್ಪ. 'ಇರಲಿ ಬಿಡ್ರಿ. ಮೂವರೂ ಜೀವಂತ ಅದಾರಲ್ಲ' ಎಂದಳು. ಏನು ಮಾತೋ. ಬಾಣಂತಿ, ತಲೆ ನೆಟ್ಟಗಿಲ್ಲ ಎಂದುಕೊಂಡೆ.

ಆಗಸ್ಟ್ 5, ಸೋಮವಾರ

ಇವತ್ತಿನಿಂದ ಮಹಾದೇವಿ ಮತ್ತೆ ಗಾರ್ಮೆಂಟ್ಸಿಗೆ. ಬೆಳಿಗ್ಗೆ ಎಂಟಕ್ಕೆ ಹೋದರೆ ಸಂಜೆ ಏಳು. ಬಾಗಿಲಲ್ಲಿ ನಾಲ್ಕು ಸಲ ಹಿಂದಿರುಗಿ ಬಂದಳು. ಹೋಗು ತಾಯಿ, ನಾನೂ ಎರಡು ಹೆತ್ತವಳು ಎಂದೆ.

ಇನ್ನು ಹಗಲೆಲ್ಲ ನಾವಿಬ್ಬರೇ. ನಾನು, ನನ್ನ ಕೊಟ್ರಾ.

ಸೆಪ್ಟೆಂಬರ್ 10, ಮಂಗಳವಾರ

ತಿರುಗಿದ! ಒಲೆಯ ಮುಂದೆ ನಿಂತು ಕೊಟ್ರಾ ಎಂದೆ. ಬಟ್ಟಲು ಬಡಿಯುತ್ತಿದ್ದವನು ಕೈ ಬಿಟ್ಟು ತಿರುಗಿ ನೋಡಿದ. ಮತ್ತೆ ಕರೆದೆ. ಬೊಚ್ಚು ಬಾಯಿ ತೆರೆದು ನಕ್ಕ. ಮೊಳಕಾಲಲ್ಲಿ ಬಂದು ನನ್ನ ಸೀರೆ ಹಿಡಿದ. ಅದೇ ನಗು, ಎಡಗೆನ್ನೆಯಲ್ಲಿ ಗುಳಿ. ಅನ್ನ ಸೀದು ಹೋಯಿತು. ಹೋಗಲಿ.

ಕಾರ್ಖಾನೆಗಳ ಸೈರನ್ ಕೂಗುವ ಹೊತ್ತಿಗೆ ದಿನಾ ಬಾಗಿಲು ನೋಡುತ್ತಿದ್ದೆ, ಒಂದು ವರ್ಷದಿಂದ. ಇವತ್ತು ನೋಡಲಿಲ್ಲ.

ಅಕ್ಟೋಬರ್ 6, ಭಾನುವಾರ

ಮಹಾದೇವಿ ಮನೆಯಲ್ಲಿದ್ದಳು. ಕೂಸನ್ನು ಚಾಪೆಯ ಮೇಲೆ ಕೂರಿಸಿ ಹಿಂದಿನಿಂದ ವಿಹಾನ್ ಎಂದಳು. ತಿರುಗಲಿಲ್ಲ. ಜೋರಾಗಿ ಕರೆದಳು. ತಿರುಗಲಿಲ್ಲ. ಎಡಕ್ಕೆ ಹೋಗಿ ಕರೆದಳು, ಬಲಕ್ಕೆ ಬಂದು ಕರೆದಳು. ಕೂಸು ಚಾಪೆಯ ಎಳೆ ಕೀಳುತ್ತಿತ್ತು. ದೇವಕ್ಕ ಬಂದಳು, ಅವಳಿಲ್ಲದೆ ಯಾವ ಕೇಡೂ ಪೂರ್ತಿಯಾಗುವುದಿಲ್ಲ. 'ನಮ್ಮಕ್ಕನ ಮೊಮ್ಮಗೂನೂ ಇಂಗೇ ಕಣಮ್ಮ, ಕಿವೀನೇ ಕೇಳಿಸ್ತಿರ್ಲಿಲ್ಲ. ಬೇಗ ತೋರಿಸ್ಬಿಡು' ಎಂದಳು.

ನಾನು ಕೂಸಿಗೆ ನಿದ್ದೆ ಬಂದಿದೆ ಎಂದೆ. ಹಲ್ಲು ಬರುತ್ತಿವೆ ಎಂದೆ. ನೆಗಡಿ ಎಂದೆ. ಮೂರು ಸುಳ್ಳು ಹೇಳಿದೆ, ಒಂದು ನಿಜ ಬಾಯಿಗೆ ಬರಲಿಲ್ಲ. ಮಹಾದೇವಿ ಕೂಸಿನ ಕಿವಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡುತ್ತಿದ್ದಳು.

ನಾಳೆಯಿಂದ ನಾನೂ ವಿಹಾನ್ ಎಂದೇ ಕರೆಯಬೇಕು. ರೂಢಿಯಾಗುತ್ತದೆ.

ಅಕ್ಟೋಬರ್ 9, ಬುಧವಾರ

ಆಗುತ್ತಿಲ್ಲ. ವಿಹಾನ್ ಎಂದರೆ ಕೂಸಿಗೆ ಗೊತ್ತಾಗುವುದಿಲ್ಲ. ನನ್ನ ನಾಲಿಗೆಗೂ.

ಅಕ್ಟೋಬರ್ 17, ಗುರುವಾರ

ದೊಡ್ಡ ಆಸ್ಪತ್ರೆಗೆ ಹೋಗಿ ಬಂದೆವು. ಅವಳು ರಜೆ ಹಾಕಿದ್ದಳು.

ಕಿವಿಯ ಪರೀಕ್ಷೆಗೆ ಕೂಸು ನಿದ್ದೆಯಲ್ಲಿರಬೇಕಂತೆ. ಅದಕ್ಕೆ ಸಿರಪ್ ಕುಡಿಸಿದರು. ಉಗುಳಿತು, ಮತ್ತೆ ಕುಡಿಸಿದರು. ಮಹಾದೇವಿ ಕೈ ಹಿಡಿದಳು, ನಾನು ಕಾಲು ಹಿಡಿದೆ. ನಿದ್ದೆ ಬಂದಮೇಲೆ ಹಣೆಗೆ, ಕಿವಿಯ ಹಿಂದೆ ವೈರು ಅಂಟಿಸಿದರು. ಇಷ್ಟೇ ಇಷ್ಟು ತಲೆ. ಅಲ್ಲೇ ಹೇಳಬಹುದಿತ್ತು. ಕಾಲು ಹಿಡಿದುಕೊಂಡೇ ಹೇಳಬಹುದಿತ್ತು, ಬಿಡಿ, ಇದರ ಕಿವಿ ಚೆನ್ನಾಗಿದೆ, ಕೆಟ್ಟದ್ದು ನಾನು ಎಂದು.

ಪರೀಕ್ಷೆ ಮುಗಿಯಿತು. ಕಿವಿ ಸರಿಯಾಗಿಯೇ ಇದೆ ಎಂದರು ಡಾಕ್ಟರಮ್ಮ. ನನಗೆ ಜೀವ ಬಂತು. ಅಷ್ಟಕ್ಕೇ ಬಿಡಲಿಲ್ಲ ಆಕೆ.

'ಮನೇಲಿ ಬೇರೆ ಏನಾದ್ರೂ ಹೆಸರಿಟ್ಟು ಕರೀತೀರಾ?'

ಇಲ್ಲ ಮೇಡಂ ಎಂದಳು ಮಹಾದೇವಿ.

'ಅಜ್ಜಿ, ನೀವು?'

'ನಾನೂ ಅದೇ' ಎಂದೆ.

ಡಾಕ್ಟರಮ್ಮ ಬರೆದುಕೊಂಡರು. ಕಿವಿ ಕೇಳಿಸಿಯೂ ಹೆಸರಿಗೆ ತಿರುಗದಿದ್ದರೆ ಬುದ್ಧಿಯ ಬೆಳವಣಿಗೆ ನೋಡಬೇಕಾಗುತ್ತದೆ, ಮುಂದಿನ ತಿಂಗಳು ಬೇರೆ ಡಾಕ್ಟರ್ ಹತ್ತಿರ ಕಳಿಸುತ್ತೇನೆ, ಈಗಲೇ ಹೆದರಬೇಡಿ ಎಂದರು. ಹೆದರಬೇಡಿ ಎಂದಮೇಲೆಯೇ ಅವಳ ಮುಖ ಬೆಳ್ಳಗಾದದ್ದು.

ಬಸ್ ಸ್ಟಾಪಿನಲ್ಲಿ ಕುಳಿತೆವು. ಎರಡು ಬಸ್ಸು ಬಂದು ಹೋದವು, ಏಳಲಿಲ್ಲ. ಕೂಸು ಸಿರಪ್ಪಿನ ಮಂಪರಿನಲ್ಲಿ ಅವಳ ಹೆಗಲ ಮೇಲಿತ್ತು. ಆಗ ಅವಳು ಹೇಳಿದಳು. ನನ್ನ ಕಡೆ ನೋಡದೆ, ರಸ್ತೆ ನೋಡುತ್ತಾ.

'ಅವರು ಇಟ್ಟ ಹೆಸರ್ರಿ ಇದು, ಫೋನಿನಾಗ ಅವರ ಹಳೇ ಮೆಸೇಜಿನಾಗ ಹುಡುಕಿ ತಗದೆ. ನಿಮಗ ಹೇಳಬ್ಯಾಡ ಅಂದಿದ್ರು. ನಂದು ಅಣ್ಣನ ಹೆಸರು, ಅಣ್ಣನ ತೊಟ್ಟಿಲು, ಅಣ್ಣನ ಅಂಗಿ ಅಂತ ಹೇಳ್ತಿದ್ರು. ನನ್ನ ಕೂಸಿಗೆ ಸತ್ತವರ ಹೆಸರು ಬ್ಯಾಡ ಮಾದೇವಿ, ಹೊಸಾದು ಇಡೂಣು ಅಂತಿದ್ರು. ಅವ್ವ ನನ್ನ ಕರದಾಗೆಲ್ಲ ಮೊದಲು ಅವನ್ನ ಕರದು ಆಮ್ಯಾಲೆ ನನ್ನ ನೋಡ್ತಾಳ ಅಂತಿದ್ರು.'

ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

'ಗೋಧಿ ಹುಗ್ಗಿ ಅವರಿಗೆ ಸೇರ್ತಿರಲಿಲ್ಲ, ಗೊತ್ತೇನ್ರಿ? ಅಣ್ಣಗ ಸೇರ್ತಿತ್ತಂತ ಮಾಡ್ತಾಳ, ಬ್ಯಾಡ ಅಂದ್ರ ಅಳ್ತಾಳ ಅಂತ ತಿಂತಿದ್ರು. ಈಗ ಈ ಹೆಸರು ಇಟ್ಟೂ ಈ ಕೂಸು ತಿರುಗಿ ನೋಡವಲ್ದು. ನಾನು ಅವರಿಗೆ ಏನು ಹೇಳಲಿ?'

ಬಸ್ಸು ಬಂತು. ಹತ್ತಿದೆವು.

ಇಪ್ಪತ್ತೊಂಬತ್ತು ವರ್ಷ ಪ್ರತಿ ಹುಟ್ಟುಹಬ್ಬಕ್ಕೂ ಹುಗ್ಗಿ ಮಾಡಿದ್ದೇನೆ. ತಟ್ಟೆ ಬಳಿದು ತಿನ್ನುತ್ತಿದ್ದ. ನಾನು ಎದುರಿಗೆ ಕುಳಿತು, ನಿನಗೆ ಮೊದಲಿಂದಲೂ ಇದೆಂದರೆ ಜೀವ ಎನ್ನುತ್ತಿದ್ದೆ. ಮೊದಲಿಂದಲೂ. ಅವನು ಹೂಂ ಎನ್ನುತ್ತಿದ್ದ.

ಅವನಿಗೆ ಯಾವುದು ಸೇರುತ್ತಿತ್ತು? ಕುಳಿತು ನೆನೆಸಿಕೊಳ್ಳುತ್ತಿದ್ದೇನೆ. ಗೊತ್ತಾಗುತ್ತಿಲ್ಲ. ಅವಳನ್ನು ಕೇಳಬೇಕು.

ಅಕ್ಟೋಬರ್ 18, ಶುಕ್ರವಾರ. ಸಂಜೆ ಆರೂವರೆ

ಬೆಳಿಗ್ಗೆಯಿಂದ ಹೆಸರು ಹಿಡಿದು ಕರೆದಿಲ್ಲ. ಕೂಸು ಎರಡು ಸಲ ಬಂದು ಸೀರೆ ಜಗ್ಗಿತು. ನನ್ನ ಬಾಯಿ ನೋಡಿತು. ಎತ್ತಿಕೊಂಡೆ, ಕರೆಯಲಿಲ್ಲ.

ಇಬ್ಬರನ್ನು ಮಣ್ಣಿಗಿಟ್ಟೆ ಎಂದುಕೊಂಡಿದ್ದೆ. ಎರಡನೆಯವನನ್ನು ಹುಟ್ಟಿದ ದಿನವೇ ಮೊದಲನೆಯವನ ಕೆಳಗೆ ಇಟ್ಟಿದ್ದೆನಲ್ಲ. ಈಗ ಇದು, ಒಂಬತ್ತು ತಿಂಗಳ ಕೂಸು. ಅವನು ಬೇಡವೆಂದದ್ದನ್ನೇ ಇದರ ಕಿವಿಗೆ ಹಾಕಿದೆ. ಹಾಕುವುದಕ್ಕೆ ಶಾಸ್ತ್ರವಿದೆ, ಸಕ್ಕರೆ ಹಂಚುತ್ತಾರೆ. ತೆಗೆಯುವುದಕ್ಕೆ ಯಾವ ಶಾಸ್ತ್ರವೂ ಇಲ್ಲ.

ಹೇಳಿದರೆ ಏನಾದೀತು? ಕೂಸನ್ನು ಎತ್ತಿಕೊಂಡು ಹರಪನಹಳ್ಳಿಗೆ ಹೋಗುತ್ತಾಳೆ. ಅವರವ್ವ ಒಂದು ವರ್ಷದಿಂದ ಕರೆಯುತ್ತಲೇ ಇದ್ದಾಳೆ. ಹೋಗಲಿ. ಬೈಯಲಿ. ಇವಳು ಬೈಯುವುದೂ ಇಲ್ಲ, ತಟ್ಟೆಗೆ ಮುಚ್ಚಳ ಮುಚ್ಚಿಟ್ಟು ಹೋಗುತ್ತಾಳೆ, ಅದೇ ಕಷ್ಟ. ಹೇಳದಿದ್ದರೆ ಈ ಕೂಸಿಗೆ ಬುದ್ಧಿಯಿಲ್ಲವೆಂದು ಆಸ್ಪತ್ರೆ ಆಸ್ಪತ್ರೆ ಅಲೆಯುತ್ತಾಳೆ. ಮತ್ತೆ ಸಿರಪ್ಪು, ಮತ್ತೆ ವೈರು, ಕಾಲು ಹಿಡಿಯಲು ನಾನು.

ಸೈರನ್ ಆಯಿತು.

ಏಳು ಗಂಟೆ. ಮೆಟ್ಟಿಲ ಮೇಲೆ ಅವಳ ಹೆಜ್ಜೆ. ಚಪ್ಪಲಿ ಬಿಡುತ್ತಿದ್ದಾಳೆ. ಬಾಗಿಲ ಹೊರಗಿನಿಂದಲೇ ಕರೆಯುತ್ತಿದ್ದಾಳೆ, ಮೆಲ್ಲಗೆ, ಹೆದರಿಕೊಂಡು — ವಿಹಾನ್… ವಿಹಾನ್…

ಕೂಸು ನನ್ನ ಮುಖ ನೋಡುತ್ತಿದೆ. ಹೇಳಿಬಿಡುತ್ತೇನೆ. ಮಹಾದೇವಿ, ಬಾ ಇಲ್ಲಿ, ಕೂಸಿಗೆ ಏನೂ ಆಗಿಲ್ಲ ತಾಯಿ, ಆ ದಿನ ತೊಟ್ಟಿಲ ಶಾಸ್ತ್ರದಲ್ಲಿ ಇದರ ಕಿವಿಯಲ್ಲಿ ನಾನು