ಬಿಳಿ ಕಾರಿನಲ್ಲಿ ಇಲ್ಲದ ಸದ್ದು

ಮಾರ್ಚ್ 3, ಸೋಮವಾರ. ಸಂಜೆ

ಬಿಳಿ ಕಾರು ಮತ್ತೆ ಬಂತು. ಮೂರನೆಯ ಸಲ. ಅದೇ ದೂರು. ಸಿಗ್ನಲ್ಲಿನಲ್ಲಿ ನಿಂತರೆ ಎಂಜಿನ್ ಗಡಗಡ ನಡುಗುತ್ತದೆ, ಒಮ್ಮೊಮ್ಮೆ ಆಫ್ ಆಗುತ್ತದೆ. ಓಡುವಾಗ ಏನೂ ಇಲ್ಲ. ನಿಂತಲ್ಲೇ ಎಂಜಿನ್ ಓಡುವಾಗ ಆರ್‌ಪಿಎಂ ಮುಳ್ಳು ಎಂಟುನೂರರಲ್ಲಿ ಇರಬೇಕು. ಇದು ಐನೂರಕ್ಕೆ ಬೀಳುತ್ತದೆ, ಸಾವಿರಕ್ಕೆ ಏರುತ್ತದೆ, ಮತ್ತೆ ಬೀಳುತ್ತದೆ. ಮೊದಲ ಸಲ ಪ್ಲಗ್ಗುಗಳನ್ನು ಬದಲಾಯಿಸಿದೆ. ಎರಡನೆಯ ಸಲ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ಫಳಫಳ ಹೊಳೆಯುವ ಹಾಗೆ ತೊಳೆದೆ. ಇನ್ನೇನು ಆರತಿ ಎತ್ತಬೇಕೋ ಅದಕ್ಕೆ.

ಕಾರು ಒಬ್ಬ ಟೀಚರಮ್ಮನದು. ಗಣಿತ ಕಲಿಸುತ್ತಾರಂತೆ. ನನ್ನ ಹತ್ತಿರ ಮಾತಾಡುವುದೂ ಮಗ್ಗಿ ಬಾರದ ಮಕ್ಕಳ ಹತ್ತಿರ ಮಾತಾಡಿದ ಹಾಗೆಯೇ.

"ಬಾನೆಟ್ ಒಳಗೆ ಸುಯ್ ಅಂತ ಒಂದು ಸದ್ದು ಬರುತ್ತೆ. ಅದನ್ನ ನೋಡಿ."

ಬಾನೆಟ್ ಎತ್ತಿದೆ. ನನ್ನ ರಬ್ಬರ್ ಟ್ಯೂಬಿನ ಒಂದು ತುದಿ ಬಲಗಿವಿಗೆ, ಇನ್ನೊಂದು ತುದಿ ಎಂಜಿನ್ ಸುತ್ತ. ಸುಯ್ಯೂ ಇಲ್ಲ ಗಿಯ್ಯೂ ಇಲ್ಲ.

"ಅಂಥಾ ಸದ್ದೇನೂ ಇಲ್ಲ ಮೇಡಂ. ನಿಮಗೆ ಹಾಗನ್ನಿಸುತ್ತೆ, ಅಷ್ಟೆ."

ಗ್ಯಾರೇಜಿಗೆ ಬರುವ ಎಲ್ಲರಿಗೂ ಒಂದೊಂದು ಸದ್ದು ಕೇಳಿಸುತ್ತದೆ. ಒಬ್ಬರಿಗೆ ಕಟಕಟ, ಒಬ್ಬರಿಗೆ ಕಿರ್ರ್. ಇಪ್ಪತ್ತೆಂಟು ವರ್ಷದಿಂದ ಈ ರಾಗಗಳನ್ನು ಕೇಳಿ ಸಾಕಾಗಿದೆ. ಎಂಜಿನ್ನಿಗೆ ಏನಾಗಿದೆ ಎಂದು ಟ್ಯೂಬ್ ಇಟ್ಟು ಹೇಳುವವನು ಈ ಶೆಡ್ಡಿನಲ್ಲಿ ಒಬ್ಬನೇ. ಅದಕ್ಕೇ ಹೆಡ್ ಮಿಸ್ತ್ರಿ. ಅದಕ್ಕೇ ಎಲ್ಲರ ಬಾಯಲ್ಲಿ ಕಿವಿ ಮಿಸ್ತ್ರಿ.

ಸಾಹುಕಾರ ಹೋಗುವಾಗ ಹೇಳಿ ಹೋದ: "ಇದು ನಾಲ್ಕನೇ ಸಲ ಬರಬಾರದು. ಬಂದ್ರೆ ಹೆಡ್ ಕೆಲಸ ನಿನ್ನ ಭಾಮೈದ ನೋಡ್ಕೊಳ್ಲಿ." ಗ್ಯಾರೇಜು ಅವನದು. ನಾಲಿಗೆಯೂ ಅವನದೇ.

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ

ಹೆಂಡತಿ ಮಾತು ಬಿಟ್ಟು ಇವತ್ತಿಗೆ ಹನ್ನೆರಡು ದಿನ.

ಆವತ್ತು ನಾನು ಹೊಸಿಲ ಹತ್ತಿರ ಶೂ ಹಾಕಿಕೊಳ್ಳುತ್ತಿದ್ದೆ. ಇವಳು ಅಡುಗೆಮನೆಯಿಂದ ಏನೋ ಹೇಳಿದಳಂತೆ. ನಾನು ಹೊರಟೆ. ಸಂಜೆ ಬಂದರೆ ಮುಖ ದಪ್ಪ. ಏನಾಯ್ತು ಎಂದರೆ, "ಹೇಳೋದು ಹೇಳಿ ಆಯ್ತು. ಉತ್ತರಾನೂ ಸಿಕ್ತು."

ಏನು ಉತ್ತರ? ಬಾಯೇ ತೆರೆದಿಲ್ಲ ನಾನು. ಅಲ್ಲಿಂದ ಈಚೆಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕುತ್ತಾಳೆ. ನಾನು ಟೀವಿ ಸೌಂಡ್ ಏರಿಸಿದರೆ ರಿಮೋಟ್ ಕಿತ್ತುಕೊಂಡು ಇಳಿಸುತ್ತಾಳೆ. ಹಗೆ ಸಾಧಿಸುವುದಾದರೆ ಹೀಗೂ ಸಾಧಿಸಬಹುದು. ಸಾಧಿಸಲಿ. ನನಗೂ ಬರುತ್ತದೆ.

ಮಾರ್ಚ್ 5, ಬುಧವಾರ. ಸಂಜೆ

ಮೈಯೆಲ್ಲ ಉರಿಯುತ್ತಿದೆ. ಬರೆದು ಬಿಡುತ್ತೇನೆ.

ಬೆಳಿಗ್ಗೆ ಬಿಳಿ ಕಾರಿನ ಗಾಜಿಗೆ ಒಂದು ಚೀಟಿ ಅಂಟಿಸಿತ್ತು. ಭಾಮೈದನ ಕೈಬರಹ. 'ಸ್ಕ್ಯಾನರ್ ಹಾಕಿದೆ. ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ ಅಂತಿದೆ. ಎಲ್ಲೋ ಗಾಳಿ ಎಳೀತಿದೆ ಭಾವ. ಸ್ಪ್ರೇ ಹೊಡೆದು ನೋಡಿ.'

ಅವನ ಬೆಂಚು ನನ್ನದರಿಂದ ಹನ್ನೆರಡು ಅಡಿ. ಬಾಯಿ ಬಿಟ್ಟು ಹೇಳಲಾಗದೆ ಚೀಟಿ ಬರೆಯುತ್ತಾನೆ. ಸ್ಪ್ಯಾನರ್ ಹಿಡಿಯಲು ಕಲಿಸಿದವನು ನಾನು. ಅಕ್ಕ ಮಾತು ಬಿಟ್ಟಳು, ತಮ್ಮನೂ ಬಿಟ್ಟ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ಇತ್ತೀಚೆಗೆ ಏನಾದರೂ ಹೇಳಲೇಬೇಕಾದರೆ ಸುತ್ತು ಹಾಕಿ ನನ್ನ ಎಡಕ್ಕೆ ಬಂದು ನಿಂತು ಜೋರು ದನಿಯಲ್ಲಿ ಹೇಳುತ್ತಾನೆ, ಆಳಿಗೆ ಅಪ್ಪಣೆ ಕೊಟ್ಟ ಹಾಗೆ.

ಚೀಟಿಯನ್ನು ಎಲ್ಲರೆದುರು ಹರಿದೆ. "ಸ್ಪ್ರೇ ಹೊಡೆಯೋದು ಕಿವಿ ಇಲ್ಲದವರು" ಎಂದೆ. ಒಳಗೆ ಪೈಪು ಬಿರುಕು ಬಿಟ್ಟು ಗಾಳಿ ಎಳೆದರೆ ಸೀಟಿ ಹೊಡೆದ ಹಾಗೆ ಕೇಳುತ್ತದೆ. ನನ್ನ ಟ್ಯೂಬಿಗೆ ಸಿಕ್ಕದ ಬಿರುಕು ಇವನ ಸ್ಕ್ಯಾನರ್ ಡಬ್ಬಿಗೆ ಸಿಕ್ಕಿತೋ?

ಗಾಡಿ ನಿಂತಾಗ ಗಾಳಿ ಅಳೆದು ಬಿಡುವ ಐಡಲ್ ವಾಲ್ವ್ ಹೊಸದು ಹಾಕಿದೆ. ಮುಳ್ಳು ಎಂಟುನೂರಕ್ಕೆ ಬಂದು ನಿಂತಿತು. ಅರ್ಧ ಗಂಟೆ ಓಡಿಸಿದೆ, ಅಲ್ಲಾಡಲಿಲ್ಲ. ಭಾಮೈದನನ್ನು ಕರೆದು ತೋರಿಸಿದೆ. ಬಗ್ಗಿ ಎಂಜಿನ್ ನೋಡಿದ, ನನ್ನ ಮುಖ ನೋಡಿದ, ತನ್ನ ಬೆಂಚಿಗೆ ಹೋದ. ಹೊಟ್ಟೆಕಿಚ್ಚು. ಟೀಚರಮ್ಮ ಗಾಡಿ ತೆಗೆದುಕೊಂಡು ಹೋಗುವಾಗ ಆ ಸುಯ್ ಇನ್ನೂ ಇದೆ ಎಂದರು. ಆಯ್ತು ಮೇಡಂ, ಇರಲಿ ಬಿಡಿ ಎಂದೆ.

ಮಾರ್ಚ್ 10, ಸೋಮವಾರ

ಬಿಳಿ ಕಾರು ಬಂದಿಲ್ಲ. ಐದು ದಿನ. ಸಾಹುಕಾರನ ಮುಂದೆ ಎರಡು ಸಲ ಸುಮ್ಮನೆ ಓಡಾಡಿದೆ.

ಮಾರ್ಚ್ 12, ಬುಧವಾರ. ಬೆಳಿಗ್ಗೆ 11

ಬಂತು.

ಎಡಗಡೆ ಎರಡೂ ಬಾಗಿಲು ಕೆರೆದುಹೋಗಿವೆ. ಇಳಿಜಾರಿನ ತಿರುವಿನಲ್ಲಿ ಟೀಚರಮ್ಮ ನಿಧಾನ ಮಾಡಿದ್ದಾರೆ, ಎಂಜಿನ್ ಆಫ್ ಆಗಿದೆ. ಸ್ಟೇರಿಂಗ್ ಕಲ್ಲಾಯಿತು, ಗಾಡಿ ಗೋಡೆಗೆ ಉಜ್ಜಿಕೊಂಡು ನಿಂತಿತು. ಪಕ್ಕದಲ್ಲಿ ಅವರ ತಾಯಿ. ಹಣೆಗೆ ಮೂರು ಹೊಲಿಗೆ.

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವರು ಕೂಗಾಡಲಿಲ್ಲ. ಎಂಜಿನ್ ಸ್ಟಾರ್ಟ್ ಮಾಡಿ ಬಾನೆಟ್ ಅವರೇ ಎತ್ತಿದರು.

"ಎಲ್ಲರೂ ಒಂದು ನಿಮಿಷ ಕೆಲಸ ನಿಲ್ಲಿಸಿ. ಕೇಳಿ. ಇದು ನನಗೆ ಮಾತ್ರ ಕೇಳಿಸ್ತಿದ್ಯಾ?"

ಗ್ರೈಂಡರ್ ನಿಂತಿತು, ಸುತ್ತಿಗೆ ನಿಂತಿತು. ಆರು ಜನ ಇದ್ದೆವು. ಎಲ್ಲರ ತಲೆಯೂ ಎಂಜಿನ್ನಿನ ಹಿಂಭಾಗಕ್ಕೆ, ಒಂದೇ ಜಾಗಕ್ಕೆ ತಿರುಗಿತು. ಫೋನ್ ಹಿಡಿದು ದೂರ ನಿಂತಿದ್ದ ಸಾಹುಕಾರನದೂ ತಿರುಗಿತು. ತಿರುಗದೆ ಇದ್ದದ್ದು ನನ್ನದೊಂದೇ.

"ನಿಮಗೆ?" ಎಂದು ನನ್ನನ್ನೇ ಕೇಳಿದರು.

ಕೇಳಿಸ್ತಿದೆ ಎಂದೆ. ಸುಳ್ಳು.

ಸಾಹುಕಾರ ನಾಳೆ ಮಧ್ಯಾಹ್ನದವರೆಗೆ ಟೈಮ್ ಕೊಟ್ಟಿದ್ದಾನೆ.

ಅದೇ ದಿನ. ಮಧ್ಯಾಹ್ನ 1:30

ಎಲ್ಲರೂ ಊಟಕ್ಕೆ ಹೋದರು. ನಾನು ಹೋಗಲಿಲ್ಲ. ಟೈರಿಗೆ ಗಾಳಿ ಹೊಡೆಯುವ ಗನ್ ತೆಗೆದುಕೊಂಡೆ. ಟ್ರಿಗರ್ ಒಂದು ಕೂದಲೆಳೆಯಷ್ಟು ಒತ್ತಿ ಬಲಗಿವಿಯ ಹತ್ತಿರ ಹಿಡಿದೆ. ಚರ್ಮಕ್ಕೆ ತಣ್ಣಗೆ ಗಾಳಿ ತಾಗಿತು. ಸದ್ದಿಲ್ಲ. ಇನ್ನೊಂದಿಷ್ಟು ಒತ್ತಿದೆ. ಕೂದಲು ಹಾರುತ್ತಿದೆ, ಸದ್ದಿಲ್ಲ. ಎಡಗಿವಿಗೆ ಹಿಡಿದೆ. ಎಲ್ಲೋ ದೂರದಲ್ಲಿ ಯಾರೋ ಬಟ್ಟೆ ಕೊಡವಿದ ಹಾಗೆ.

ಮತ್ತೆ ಬಲಕ್ಕೆ. ಮತ್ತೆ. ಏಳೆಂಟು ಸಲ.

ಗನ್ ಕೆಟ್ಟಿರಬೇಕು ಎಂದು ಇನ್ನೊಂದು ಗನ್ ತಂದೆ. ಅಷ್ಟು ಮೂರ್ಖ ನಾನು.

ಹೆದರಿಕೆಯಾಗಿದೆ. ಕಿವಿ ಮಿಸ್ತ್ರಿಗೆ ಕಿವಿ ಇಲ್ಲ ಎಂದು ಗೊತ್ತಾದರೆ ನಾಳೆ ಇಡೀ ಬೀದಿ ನಗುತ್ತದೆ. ಅದೂ ಹೋಗಲಿ. ಆ ಮುದುಕಮ್ಮನ ಹಣೆ ಒಡೆದದ್ದು ನನ್ನಿಂದ. ಗಾಡಿ ಹೇಳಿತು, ಟೀಚರಮ್ಮ ಹೇಳಿದರು, ಚೀಟಿಯೂ ಹೇಳಿತು. ನಾನು ಟ್ಯೂಬ್ ಹಿಡಿದು ಇಲ್ಲ ಎಂದೆ.

ಮಾರ್ಚ್ 13, ಗುರುವಾರ. ಮಧ್ಯಾಹ್ನ

ಆಯಿತು. ಸರಿಯಾಗಿ ಬರೆಯುತ್ತೇನೆ.

ಏಳಕ್ಕೇ ಶೆಡ್ ತೆಗೆದೆ. ಎಂಜಿನ್ ಬಿಸಿಯಾಗಲು ಬಿಟ್ಟೆ. ಸ್ಪ್ರೇ ಕ್ಯಾನ್ ತೆಗೆದುಕೊಂಡೆ, ಹದಿನೈದು ವರ್ಷದಲ್ಲಿ ಮೊದಲ ಸಲ. ಓಡುವ ಎಂಜಿನ್ನಿನ ಪೈಪುಗಳ ಮೇಲೆ ಒಂದೊಂದೇ ಕಡೆ ಹೊಡೆಯುತ್ತಾ ಹೋಗಬೇಕು. ಬಿರುಕು ಇದ್ದಲ್ಲಿ ಅದು ಒಳಗೆ ಎಳೆದುಕೊಳ್ಳುತ್ತದೆ, ಎಂಜಿನ್ ಓಟ ಥಟ್ಟನೆ ಬದಲಾಗುತ್ತದೆ. ಮುಳ್ಳು ನೋಡಲು ಒಳಗೆ ಒಬ್ಬರು ಬೇಕು. ಭಾಮೈದ ಬಂದ. ಕೂತ್ಕೋ ಎಂದೆ. ಕೂತ.

ಮುಂದಿನ ಜಾಯಿಂಟುಗಳು ಸರಿ. ಬ್ರೇಕಿಗೆ ಹೋಗುವ ಪೈಪು ಸರಿ. ಹಿಂದೆ, ಎರಡು ಬೆರಳು ಮಾತ್ರ ಹೋಗುವ ಸಂದಿಯಲ್ಲಿ ಹೊಡೆದೆ. ಫೆಂಡರ್ ತಗಡಿನ ಮೇಲಿದ್ದ ಎಡ ಅಂಗೈಗೆ ಎಂಜಿನ್ನಿನ ನಡುಕ ನಿಂತದ್ದು ಗೊತ್ತಾಯಿತು. ತಲೆ ಎತ್ತಿದರೆ ಭಾಮೈದ ಗಾಜಿನ ಹಿಂದೆ ಕೈ ಎತ್ತಿ ತೋರಿಸುತ್ತಿದ್ದಾನೆ. ಇನ್ನೊಂದು ಸಲ ಹೊಡೆದೆ. ಮತ್ತೆ ಕೈ ಎತ್ತಿದ.

ರೇಗಿತು. "ಯಾಕೆ, ಬಾಯಿಲ್ವಾ ನಿನಗೆ?"

ಇಳಿದು ಬಂದ. ಸುತ್ತು ಹಾಕಿ ನನ್ನ ಎಡಕ್ಕೆ ಬಂದು ನಿಂತ.

"ಬಾಯಿದೆ ಭಾವ. ಅದು ನಿಮಗೆ ಕೇಳಲ್ಲ."

ಕೈಯಲ್ಲಿ ಕ್ಯಾನ್ ಇತ್ತು. ಅವನ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. "ಯಾವಾಗಿಂದ ಗೊತ್ತು?"

"ಚಳಿಗಾಲದಲ್ಲೇ ಅಕ್ಕ ಹೇಳಿದ್ಲು. ಚೀಟಿ ಬರಿ, ಎಡಗಡೆ ನಿಂತು ಮಾತಾಡು, ಜನದ ಮುಂದೆ ಎತ್ತಬೇಡ ಅಂದ್ಲು."

"ಮತ್ತೆ ಆವತ್ತು ಎಲ್ಲರ ಮುಂದೆ ಚೀಟಿ ಹರಿದೆನಲ್ಲ. ಆಗ ಯಾಕೆ ಬಾಯಿ ಮುಚ್ಕೊಂಡಿದ್ದೆ? ಆ ಸುಯ್ ನಿನಗೆ ಕೇಳಿಸ್ತಿತ್ತು ತಾನೆ?"

"ಕೇಳಿಸ್ತಿತ್ತು. ಹೇಳಿದ್ರೆ ನಿಮ್ಮ ಹೆಡ್ ಕೆಲಸ ಹೋಗೋದು." ನನ್ನ ಕೈಯಿಂದ ಕ್ಯಾನ್ ತೆಗೆದು ಕೆಳಗಿಟ್ಟು, "ನಂದೂ ತಪ್ಪೇ. ಆ ಮುದುಕಮ್ಮನ ವಿಷಯದಲ್ಲಿ."

ಇಬ್ಬರೂ ಸೇರಿ ಪೈಪು ಬಿಚ್ಚಿದೆವು. ಹೆಬ್ಬೆರಳು ದಪ್ಪದ ರಬ್ಬರ್. ಬಾಗುವ ಜಾಗದಲ್ಲಿ, ಕಣ್ಣಿಗೆ ಬೀಳದ ಹಾಗೆ ಕೆಳಮುಖವಾಗಿ ಉಗುರಿನಷ್ಟು ಉದ್ದ ಸೀಳು. ತಣ್ಣಗಿದ್ದಾಗ ಕೂಡಿಕೊಳ್ಳುತ್ತದೆ, ಬಿಸಿಯಾದರೆ ಬಾಯಿ ಬಿಡುತ್ತದೆ. ಹೊಸ ವಾಲ್ವ್ ಒಂದು ವಾರ ಈ ಸೀಳಿನ ಭಾರ ಹೊತ್ತುಕೊಂಡಿತ್ತು, ಆಮೇಲೆ ಕೈಚೆಲ್ಲಿತು. ಹೊಸ ಪೈಪು ಹಾಕಲು ಹತ್ತು ನಿಮಿಷ. ಮುಳ್ಳು ಎಂಟುನೂರು. ಅಂಗೈ ಇಟ್ಟು ನೋಡಿದೆ. ಮಲಗಿದ ಬೆಕ್ಕಿನ ಹೊಟ್ಟೆ.

ಜಾಬ್ ಕಾರ್ಡಿನಲ್ಲಿ ಬರೆದೆ: 'ಗ್ರಾಹಕರು ಮೊದಲ ದಿನದಿಂದ ಹೇಳಿದ ಸದ್ದು ನಿಜ. ಮಿಸ್ತ್ರಿಗೆ ಕೇಳಿಸಲಿಲ್ಲ.' ಸಹಿ ಹಾಕಿದೆ. ಟೀಚರಮ್ಮ ಎರಡು ಸಲ ಓದಿದರು. ಕ್ಷಮಿಸಿ ಎಂದೆ. ಕ್ಷಮಿಸಿದೆ ಎನ್ನಲಿಲ್ಲ ಅವರು. "ಡಾಕ್ಟರಿಗೆ ತೋರಿಸಿ" ಎಂದರು, ಹೋಂವರ್ಕ್ ಕೊಟ್ಟ ಹಾಗೆ. ಕಾರ್ಡ್ ಸಾಹುಕಾರನ ಮೇಜಿಗೂ ಹೋಯಿತು. ನಾಳೆಯಿಂದ ಭಾಮೈದ ಹೆಡ್ಡು. ಅವನು ಬೇಡ ಅಂದನಂತೆ. ನಾಟಕ. ನಾಟಕವಲ್ಲದಿದ್ದರೆ ಇನ್ನೂ ಕಷ್ಟ.

ಅದೇ ದಿನ. ಸಂಜೆ 6

ಇವಳು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಿದೆ.

"ಆವತ್ತು ಏನು ಹೇಳಿದೆ?"

"ಹೇಳೋದು ಹೇಳಿ ಆಯ್ತು."

"ನನಗೆ ಕೇಳಿಸಲಿಲ್ಲ."

ಈ ಎರಡು ಶಬ್ದ ಇವಳ ಹತ್ತಿರ ಯಾವತ್ತೂ ಹೇಳಿರಲಿಲ್ಲ. 'ಏನು?' ಎಂದಿದ್ದೇನೆ. 'ಸರಿಯಾಗಿ ಬಾಯಿ ಬಿಟ್ಟು ಮಾತಾಡು' ಎಂದು ಬೈದಿದ್ದೇನೆ, ವರ್ಷಗಟ್ಟಲೆ.

ಕೈ ಒರೆಸಿಕೊಂಡಳು. "ಕಿವಿ ಡಾಕ್ಟರ ಹತ್ರ ಹೋಗೋಣ, ಹೆಸರು ಬರೆಸಿದೀನಿ ಅಂದೆ. ನೀವು ತಿರುಗಿ ಕೂಡ ನೋಡದೆ ಬಾಗಿಲು ಎಳ್ಕೊಂಡು ಹೋದ್ರಿ. ಅಷ್ಟು ಅಹಂಕಾರಾನಾ ಅಂದ್ಕೊಂಡೆ."

"ಕೇಳಿಸಲಿಲ್ಲ ಅಂದೆನಲ್ಲ."

"ಅದಕ್ಕೇ ಡಾಕ್ಟರ ಹತ್ರ ಹೋಗೋಣ ಅಂದದ್ದು."

ನಗು ಬರಬೇಕಿತ್ತು. ಇಬ್ಬರಿಗೂ ಬರಲಿಲ್ಲ. ನನ್ನ ಬೆನ್ನ ಹಿಂದೆ ಅಕ್ಕತಮ್ಮ ಸೇರಿ ನನ್ನನ್ನು ಕಾಪಾಡುತ್ತಿದ್ದರಂತೆ. ಇಷ್ಟು ದಿನ ಹಗೆ ಎಂದುಕೊಂಡದ್ದು ಹಗೆಯಲ್ಲವಂತೆ. ಅದಕ್ಕೇ ಸಿಟ್ಟು ಜಾಸ್ತಿ. ಹಗೆಯಾಗಿದ್ದರೆ ತಿರುಗಿ ಬೈಯಬಹುದಿತ್ತು.

ಮಾರ್ಚ್ 18, ಮಂಗಳವಾರ. ಬೆಳಿಗ್ಗೆ 10:40

ಆಸ್ಪತ್ರೆ. ಉದ್ದ ಬೆಂಚು. ಮುಂದೆ ಒಂಬತ್ತು ಜನ. ಇವಳು ಪಕ್ಕದಲ್ಲಿ, ಎಡಗಡೆ. ಇನ್ನೂ ಪೂರ್ತಿ ರಾಜಿ ಆಗಿಲ್ಲ. ಬಸ್ಸಿನಲ್ಲಿ ಮೂರು ಮಾತು, ಮೂರೂ ಟಿಕೆಟ್ ಬಗ್ಗೆ.

ನರ್ಸ್ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾಳೆ. ಕಿವಿ ಕೇಳದವರ ಸಾಲಿನ ಮುಂದೆ ನಿಂತು ಕೂಗುವ ಬುದ್ಧಿ ಯಾರದೋ. ಒಂದು ಬೋರ್ಡ್ ಇಡಬಾರದೇ. ಚೀಟಿ ಕೊಡಬಾರದೇ.

'ನಿಮ್ಮ ಹೆಸರು ಬಂದಾಗ ಹೇಳ್ತೀನಿ' ಎಂದಳು ಇವಳು. ಏನೂ ಬೇಡ ಎಂದೆ. ನಾನೇನು ಮಗುವಲ್ಲ. ನನಗೆ ಕಣ್ಣಿದೆ, ಬಾಗಿಲ ಕಡೆ ಗಮನ ಇಟ್ಟೇ ಬರೆಯುತ್ತಿದ್ದೇನೆ. ನರ್ಸಿನ ತುಟಿ ಅಲ್ಲಾಡಿದರೆ ಸಾಕು, ನನಗೇ ಗೊತ್ತಾಗು

ಇವಳು ಮೊಣಕೈಯಿಂದ ತಿವಿಯುತ್ತಿದ್ದಾಳೆ. ಮೂರು ಸಲ ಕೂಗಿ ಆಯಿತಂ