ಬಚ್ಚಲಿನ ದಿಮ್ಮಿ

ಫೆಬ್ರವರಿ 2, ಬೆಳಿಗ್ಗೆ

ಈ ಮನೆಗೆ ಹಿರಿಯಳು ನಾನು. ಗೇಟಿನ ಬೀಗದಿಂದ ಸಕ್ಕರೆ ಡಬ್ಬಿಯ ಮುಚ್ಚಳದವರೆಗೆ ನನ್ನ ಮಾತೇ ನಡೆಯುತ್ತದೆ. ಹೈಸ್ಕೂಲು ಓದಿದ್ದೇನೆ; ವಿಜ್ಞಾನದಲ್ಲಿ ತರಗತಿಗೇ ಮೊದಲು. ಮದುವೆಯಾಗಿ ಬಂದ ದಿನದಿಂದ ಈ ಮನೆಯ ಗೋಡೆಗಾಗಲಿ, ಚಪ್ಪಲಿಗಾಗಲಿ, ಬ್ರೆಡ್ಡಿಗಾಗಲಿ ಬೂಷ್ಟು ಹಿಡಿದದ್ದಿಲ್ಲ. ಹಿಡಿಯಲು ಬಿಟ್ಟಿಲ್ಲ. ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಬಹುದು.

ಇಂದೂ ಎದ್ದ ಕೂಡಲೇ ಅಂಗಳ ತೊಳೆದೆ. ಇನ್ನೂ ಒಣಗಿರಲಿಲ್ಲ, ಟೆಂಪೋ ಬಂದು ನಿಂತಿತು. ಬೀಗಿತ್ತಿ — ಸೊಸೆಯ ತಾಯಿ — ಮರದ ದಿಮ್ಮಿಗಳನ್ನು ಕಳಿಸಿದ್ದಾರೆ. ತೊಡೆಯ ಗಾತ್ರ, ತೋಳಿನಷ್ಟು ಉದ್ದ. ಮೈತುಂಬ ತೂತು. ತೂತಿಗೆ ಅಣಬೆ ಬೀಜ ತುಂಬಿ ಮೇಲೆ ಮೇಣ ಮೆತ್ತಿದ್ದಾರೆ. ನೆರಳಿನಲ್ಲಿಟ್ಟು ನೀರು ಹಾಕುತ್ತಿದ್ದರೆ ವರ್ಷದೊಳಗೆ ಅಣಬೆ ಏಳುತ್ತವಂತೆ. ತಾವೂ ಇಂಥವೇ ಇಟ್ಟುಕೊಂಡಿದ್ದಾರಂತೆ.

ಬೀಗಿತ್ತಿ ಬಿ.ಎಸ್ಸಿ. ಫೋನಿನಲ್ಲೇ ಪಾಠ ಶುರುವಾಯಿತು. ಎರಡು ವಾಕ್ಯ ಕೇಳಿ, ಒಲೆಯ ಮೇಲೆ ಹಾಲಿದೆ ಎಂದು ಇಟ್ಟುಬಿಟ್ಟೆ. ಹಾಲಿರಲಿಲ್ಲ.

ಫೆಬ್ರವರಿ 3

ಹಿತ್ತಲ ಗೋಡೆಯ ನೆರಳಿನಲ್ಲಿ ದಿಮ್ಮಿಗಳನ್ನು ನಿಲ್ಲಿಸಿದೆ. ದಾರ ಹಿಡಿದು, ಒಂದೇ ಸಾಲಿಗೆ. ಅದರಲ್ಲೊಂದು ಸೊಟ್ಟ. ಎತ್ತ ತಿರುಗಿಸಿದರೂ ಸಾಲು ಕೆಡಿಸುತ್ತದೆ. ತೆಗೆದು ಆಚೆ ಹಾಕಿದೆ.

ಸಂಜೆ ಸೊಸೆ ಡ್ಯೂಟಿ ಮುಗಿಸಿ ಬಂದಳು. ಬಸ್ ಕಂಡಕ್ಟರ್. ಆ ಸೊಟ್ಟ ದಿಮ್ಮಿಯನ್ನು ಕಾಲಿನಿಂದ ಉರುಳಿಸಿಕೊಂಡು ನೇರ ಹಿಂದಿನ ಬಚ್ಚಲಿಗೆ ಹೋದಳು. ಅದು ಅವಳೂ ಮಗನೂ ಬಳಸುವ ಬಚ್ಚಲು. ಬಾಗಿಲಿನ ಚಿಲಕ ಕೆಟ್ಟು ಎಷ್ಟೋ ಕಾಲವಾಯಿತು. ಒಳಗಿನಿಂದ ದಿಮ್ಮಿ ಒತ್ತಿಟ್ಟರೆ ಬಾಗಿಲು ಅಲುಗುವುದಿಲ್ಲವಂತೆ.

"ಇದಾದ್ರೂ ಹೇಳಿದ ಮಾತು ಕೇಳುತ್ತೆ ಅತ್ತೆ," ಎಂದಳು. ನೋಡಿದ್ದು ಮಾತ್ರ ಗಂಡನ ಕಡೆ.

ಮಗ ಬಡಗಿ. ಬೀದಿಯವರ ಬಾಗಿಲಿಗೆಲ್ಲ ಚಿಲಕ ಹಾಕಿಕೊಟ್ಟಿದ್ದಾನೆ. ನಮ್ಮದಕ್ಕೆ ಭಾನುವಾರ. ಯಾವ ಭಾನುವಾರ ಎಂದು ಹೇಳಿಲ್ಲ.

ಮಾರ್ಚ್ 20

ಬೀಗಿತ್ತಿಯ ಫೋನು. ಅವರ ದಿಮ್ಮಿಗಳು ಚೆನ್ನಾಗಿ ಬರುತ್ತಿವೆಯಂತೆ. ನಮ್ಮವು ಇನ್ನೂ ಚೆನ್ನಾಗಿ ಬರುತ್ತಿವೆ ಎಂದೆ. ನವೆಂಬರಿನಲ್ಲಿ ಬಂದು ನೋಡುತ್ತಾರಂತೆ. ಬರಲಿ. ಅವರು ಒಂದು ಬುಟ್ಟಿ ಕಿತ್ತರೆ ನಾನು ಎರಡು ಬುಟ್ಟಿ ಕೀಳುತ್ತೇನೆ ಎಂದು ಹೇಳಿಯೂ ಬಿಟ್ಟೆ.

ಯಜಮಾನರು ಪೇಪರಿನಿಂದ ತಲೆಯೆತ್ತಿ, ಈಗಲೇ ಬುಟ್ಟಿ ತರಬೇಕೇ ಎಂದು ಕೇಳಿದರು. ಉತ್ತರ ಕೊಡಲಿಲ್ಲ.

ಮೇ 6

ದಿಮ್ಮಿಗಳ ತುದಿಯಲ್ಲಿ ಬಿಳಿ ಬಿಳಿ. ಸುಣ್ಣ ಅಂಟಿದೆ ಎಂದುಕೊಂಡೆ. ಮುಟ್ಟಿದರೆ ಮೆತ್ತಗೆ. ಬೂಷ್ಟು! ನನ್ನ ಹಿತ್ತಲಿನಲ್ಲಿ. ಬೀಗಿತ್ತಿಯ ಮನೆಯಿಂದಲೇ ಬಂದಿರಬೇಕು, ಇಲ್ಲಿ ಹುಟ್ಟಿದ್ದಲ್ಲ.

ನಾರಿನ ಬ್ರಷ್, ಬಟ್ಟೆ ಸೋಪು, ಬಿಸಿನೀರು. ಒಂದೊಂದನ್ನೇ ಕಾಲ ಮೇಲೆ ಮಲಗಿಸಿಕೊಂಡು ಉಜ್ಜಿದೆ. ಸೊಂಟ ಹಿಡಿದುಕೊಂಡಿದೆ. ಆದರೇನು, ಎಣ್ಣೆ ಇಳಿಸಿದ ಕೂಸುಗಳ ಹಾಗೆ ಥಳಥಳ ಎನ್ನುತ್ತಿವೆ. ಇನ್ನು ಪ್ರತಿ ಶನಿವಾರ ಇವಕ್ಕೆ ಸ್ನಾನ.

"ನನ್ನ ಬೆನ್ನು ಇಷ್ಟು ಚೆನ್ನಾಗಿ ಉಜ್ಜಿದ್ದು ನೆನಪಿಲ್ಲ ಕಣೇ," ಎಂದರು ಯಜಮಾನರು.

ಜುಲೈ 14

ಹಿಂದಿನ ಬಚ್ಚಲಿಗೆ ಹೋಗಿದ್ದೆ. ಹೋಗಬಾರದಿತ್ತು. ಗೋಡೆಯ ಬುಡ ಹಸಿರು. ನೆಲದಲ್ಲಿ ಕಾಲು ಜಾರುತ್ತದೆ. ಆ ಸೊಟ್ಟ ದಿಮ್ಮಿಗಂತೂ ಎರಡೂ ತುದಿಗೆ ಮುದುಕರ ಗಡ್ಡದಂತೆ ಬೂಷ್ಟು.

ಸೊಸೆಯನ್ನು ಕರೆದು ಕೇಳಿದೆ. ಮೊದಲ ಬಸ್ಸಿಗೆ ಹೋಗಿ ಕೊನೆಯ ಟ್ರಿಪ್ಪಿಗೆ ಬರುವವಳು ಯಾವಾಗ ತೊಳೆಯಲಿ ಅಂದಳು. ತೊಳೆಯಬೇಡ ಅಂದೆ. ಹಾಗೇ ಇರಲಿ, ನವೆಂಬರಿನಲ್ಲಿ ನಿನ್ನ ತಾಯಿಗೆ ಇದನ್ನೇ ತೋರಿಸುತ್ತೇನೆ. ಮೊದಲು ನನ್ನ ಹಿತ್ತಲು, ಆಮೇಲೆ ನಿನ್ನ ಬಚ್ಚಲು.

ಅವಳ ಮುಖ ಇಳಿಯಿತು. "ಬೇಡ ಅತ್ತೆ. ಅಮ್ಮನಿಗೆ ಮೊದಲೇ ಈ ಕೆಲಸ ಇಷ್ಟ ಇಲ್ಲ. ಇದನ್ನ ನೋಡಿದ್ರೆ, ಮನೆ ನೋಡ್ಕೊಳ್ಳೋಕೆ ಆಗಲ್ಲ, ಬಸ್ಸು ಬಿಟ್ಬಿಡು ಅಂತ ಪಟ್ಟು ಹಿಡೀತಾರೆ. ಬಿಡಿಸೋ ತನಕ ಬಿಡಲ್ಲ."

ಅದು ತಾಯಿ ಮಗಳ ವಿಷಯ. ನನಗೇನು.

ಕೆಲಸದವಳಿಗೂ ಹೇಳಿದ್ದೇನೆ, ಹಿಂದಿನ ಬಚ್ಚಲಿಗೆ ಪೊರಕೆ ತಾಗಕೂಡದು. ನಾನು ಹೀಗೆ ಹೇಳಿದ್ದು ಇದೇ ಮೊದಲು. ಹುಷಾರಾಗಿದ್ದೀರಾ ಅಮ್ಮಾ ಎಂದು ಕೇಳಿದಳು.

ಸೆಪ್ಟೆಂಬರ್ 1

ಮಾರ್ಕೆಟ್ಟಿಗೆ ಹೊರಟು ಹತ್ತಿದ ಬಸ್ಸು ಸೊಸೆಯದು. ನೋಡಿದಳು. ನಗಲಿಲ್ಲ. ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ ಎಂದು ಗದರಿದಳು, ಎಲ್ಲರಿಗೂ ಹೇಳುವ ಹಾಗೆಯೇ. ಒಳಗೆ ನಡೆದೆ. ಟಿಕೆಟ್ ತಗೊಂಡೆ. ಚಿಲ್ಲರೆ ಇಲ್ಲವೆಂದು ಜಗಳ ತೆಗೆದ ಗಂಡಸೊಬ್ಬನನ್ನು ಒಂದೇ ನೋಟದಲ್ಲಿ ಕೂರಿಸಿದಳು.

ಆ ನೋಟ ಎಲ್ಲಿ ಕಲಿತಳು ಎಂದು ಯೋಚಿಸಿದೆ. ನನ್ನದೇ.

ಟಿಕೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡು ಇಳಿದೆ.

ಅಕ್ಟೋಬರ್ 18

ನನ್ನ ದಿಮ್ಮಿಗಳು ಬೋಳು. ಒಂದು ಗುಂಡುಸೂಜಿಯ ತಲೆಯಷ್ಟೂ ಇಲ್ಲ. ಶನಿವಾರ ತಪ್ಪಿಸಿಲ್ಲ. ಬೂಷ್ಟು ಕಂಡ ದಿನವೇ ಉಜ್ಜಿದ್ದೇನೆ. ಇದಕ್ಕಿಂತ ಹೆಚ್ಚು ಯಾವ ತಾಯಿಯೂ ಮಾಡಳು.

ಯಜಮಾನರು ಒಂದು ಉಪಾಯ ಹೇಳಿದರು. ಅಂಗಡಿಯಿಂದ ಅಣಬೆ ತಂದು ಹಲ್ಲುಕಡ್ಡಿ ಚುಚ್ಚಿ ನಿಲ್ಲಿಸುವುದಂತೆ. ಛೀ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ಹಲ್ಲುಕಡ್ಡಿ ಹೊರಗೆ ಕಾಣುವುದಿಲ್ಲವೇ ಎಂದು ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಈ ವಯಸ್ಸಿನಲ್ಲಿ ನನ್ನಿಂದ ಕಲಿಯುತ್ತಿದ್ದಾರೆ.

ಹಿತ್ತಲು ಕೈಕೊಟ್ಟರೂ ಬಚ್ಚಲಿದೆ. ಹೇಳಬೇಕಾದ ಮಾತು ಬಾಯಿಪಾಠವಾಗಿದೆ: ನೀವು ಮಗಳಿಗೆ ಕಲಿಸಿದ್ದು ಇದೇನಾ?

ನವೆಂಬರ್ 8, ಬೆಳಿಗ್ಗೆ

ಬೀಗಿತ್ತಿ ಮಧ್ಯಾಹ್ನಕ್ಕೆ ಬರುತ್ತಾರೆ. ಶನಿವಾರ, ಕೈಯಲ್ಲಿ ಬ್ರಷ್. ದಿಮ್ಮಿಗಳಿಗೆ ಸ್ನಾನ ಮಾಡಿಸುವ ಮೊದಲು ಬಚ್ಚಲು ಸಾಕಷ್ಟು ಕೊಳಕಾಗಿದೆಯೋ ಇಲ್ಲವೋ ನೋಡಿ ಬರೋಣವೆಂದು ಹೋದೆ. ಬಾಗಿಲು ದೂಡಿದೆ. ಒಳಗೆ ದಿಮ್ಮಿ ದಡ್ ಎಂದು ಉರುಳಿತು.

ಅಣಬೆ.

ಕಂದು ಬಣ್ಣದ ಟೋಪಿಗಳು, ಬಸ್ಸಿನ ಬಾಗಿಲಲ್ಲಿ ಜನ ನೇತಾಡುವ ಹಾಗೆ ಒತ್ತೊತ್ತಾಗಿ. ಕೆಲವು ನನ್ನ ಅಂಗೈಯಗಲ. ಪ್ರತಿ ತೂತಿನ ಸುತ್ತ ಅದೇ ಬಿಳಿ. ನಾನು ವಾರವಾರ ಸೋಪು ಹಾಕಿ ಕೆರೆದು ತೆಗೆದ ಬಿಳಿ.

ವಿಜ್ಞಾನದಲ್ಲಿ ಮೊದಲು ಬಂದವಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿಳಿಯದು ಕೊಳೆಯಲ್ಲ, ಬೆಳೆ. ತಿಂಗಳುಗಟ್ಟಲೆ ಕುಕ್ಕರಗಾಲಿನಲ್ಲಿ ಕೂತು ನಾನೇ ಬೆಳೆ ಉಜ್ಜಿ ಹಾಕಿದ್ದೇನೆ. ಸೊಸೆ ದಿನಾ ಮೈಗೆ ನೀರು ಹುಯ್ದುಕೊಂಡಳು, ಈ ದಿಮ್ಮಿಗೂ ಬಿತ್ತು. ಬಾಗಿಲಿಗೆ ಒತ್ತಿದಳು, ಒದ್ದಳು, ಮರೆತಳು. ಬಂತು.

ಉಜ್ಜಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಅಥವಾ ಇದನ್ನೇ ಹಿತ್ತಲ ಸಾಲಿಗೆ ಸೇರಿಸಿದರೆ ನನ್ನದೆಂದೇ ಎಲ್ಲರೂ ತಿಳಿಯುತ್ತಾರೆ. ಬ್ರಷ್ ಹಿಡಿದು ನಿಂತೇ ಇದ್ದೆ. ಹಿಂದಿನಿಂದ ಯಜಮಾನರು ಬಂದು ಇಣುಕಿ ನೋಡಿ, ಬುಟ್ಟಿ ತಂದು ಬಾಗಿಲಲ್ಲಿಟ್ಟು ಹೋದರು.

ಅದೇ ದಿನ, ಸಂಜೆ

ಬೀಗಿತ್ತಿ ಬಂದರು. ಕಾಫಿ ಮುಗಿಯುವ ಮೊದಲೇ, ದಿಮ್ಮಿ ಎಲ್ಲಿ ಎಂದರು. ಹಿತ್ತಲು ತೋರಿಸಿದೆ. ಬೋಳು ದಿಮ್ಮಿಗಳ ಮುಂದೆ ಬಹಳ ಹೊತ್ತು ನಿಂತರು. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ. ಸಮಾಧಾನ ಕಂಡಿತು. ಅನುಮಾನ ಬಂತು.

ಆಮೇಲೆ ಬಚ್ಚಲು. ಸೊಸೆ ರಜ ಹಾಕಿ ಮನೆಯಲ್ಲೇ ಇದ್ದಳು. ಕಾಲು ಜಾರುತ್ತದೆಂದು ಅವಳೂ ಮಗನೂ ವಾರದಿಂದ ಮುಂದಿನ ಬಚ್ಚಲಲ್ಲೇ ಸ್ನಾನ ಮಾಡುತ್ತಿದ್ದರಿಂದ ಅಣಬೆಯ ಸುದ್ದಿ ಅವಳಿಗೆ ತಿಳಿದಿರಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಬಾಗಿಲು ತೆರೆದೆ. ಬಾಯಿಪಾಠವಾದ ಮಾತು ನಾಲಿಗೆ ತುದಿಗೆ ಬಂತು. ನುಂಗಿದೆ. ಸುಲಭವಾಗಿ ಇಳಿಯಲಿಲ್ಲ.

"ಇದು ನಿಮ್ಮ ಮಗಳು ಬೆಳೆದದ್ದು. ನಾನು ಬೆಳೆದದ್ದು ಆಗಲೇ ನೋಡಿದ್ರಲ್ಲ," ಎಂದೆ.

ಸೊಸೆ ಕಣ್ಣು ಬಿಟ್ಟಳು. "ಅಯ್ಯೋ, ಇದು ಯಾವಾಗ ಬಂತು?" ಬೆನ್ನಿಗೆ ಮೆಲ್ಲಗೆ ತಿವಿದೆ.

ಬೀಗಿತ್ತಿ ಬಗ್ಗಿ ನೋಡಿದರು, ಮೂಸಿದರು, ಸರಿಯಾದ ಜಾತಿಯೇ ಎಂದರು. ಬಿ.ಎಸ್ಸಿ. ಅಷ್ಟಕ್ಕೆ ಉಪಯೋಗವಾಯಿತು. ಆಮೇಲೆ ಧ್ವನಿ ತಗ್ಗಿತು. ಅವರ ಮನೆಯಲ್ಲಿ ಒಂದೂ ಬಂದಿಲ್ಲವಂತೆ. ಒಳಗೇನಾಗುತ್ತಿದೆಯೋ ಎಂದು ದಿನಾ ಸೂಜಿಯಿಂದ ಮೇಣ ಕಿತ್ತು ನೋಡುತ್ತಿದ್ದರಂತೆ. ಚೆನ್ನಾಗಿ ಬರುತ್ತಿದೆ ಅಂದಿದ್ದಿರಲ್ಲ ಎಂದೆ. ಇನ್ನೂ ಚೆನ್ನಾಗಿ ಅಂದವರು ಯಾರು ಎಂದರು. ನನಗೆ ನಗುವ ಹಕ್ಕಿರಲಿಲ್ಲ. ಅವರಿಗೂ ಇರಲಿಲ್ಲ. ನಮ್ಮಿಬ್ಬರ ಪಾಲಿನದನ್ನೂ ಯಜಮಾನರೇ ನಕ್ಕರು.

ಆದರೂ ತಾಯಿ ತಾಯಿಯೇ. ಕಣ್ಣು ಗೋಡೆಯ ಹಸಿರಿನ ಮೇಲೆ ಹೋಯಿತು. ಮಗಳ ಕಡೆ ತಿರುಗಿದರು. "ಬಚ್ಚಲು ತೊಳೆಯೋಕೂ ಪುರುಸೊತ್ತಿಲ್ಲ ನಿನಗೆ. ಆ ಬಸ್ಸು ಬಿಡು ಅಂತ ಎಷ್ಟು ಸಲ ಹೇಳ್ಲಿ?"

ಸೊಸೆ ನನ್ನ ಕಡೆ ನೋಡಿದಳು. ಬಸ್ಸಿನಲ್ಲಿ ನೋಡಿದ ನೋಟ ಅಲ್ಲ.

"ಬಿಟ್ಟರೆ ಬಚ್ಚಲು ತೊಳೀತಾಳೆ," ಎಂದೆ. "ಆಮೇಲೆ ಅಣಬೆ ಯಾರು ಬೆಳೀತಾರೆ? ನೀವಾ, ನಾನಾ?"

ಬೀಗಿತ್ತಿ ಮತ್ತೆ ಆ ಮಾತೆತ್ತಲಿಲ್ಲ. ಅಣಬೆಯನ್ನು ಈರುಳ್ಳಿ, ಮೆಣಸಿನ ಪುಡಿ ಹಾಕಿ ಹುರಿದೆ. ಬಚ್ಚಲಿನದು ಎಂದು ಮೊದಲು ಮುಖ ಕಿವಿಚಿದರು. ಎರಡನೇ ಸಲ ತಾವೇ ಬಡಿಸಿಕೊಂಡರು.

ನವೆಂಬರ್ 9, ಭಾನುವಾರ

ಇದೇ ಆ ಭಾನುವಾರ. ಮಗ ಹೊಸ ಚಿಲಕ, ಸ್ಕ್ರೂಡ್ರೈವರ್ ಹಿಡಿದು ಹಿಂದಿನ ಬಚ್ಚಲಿಗೆ ಬಂದ. ವಾಪಸ್ ಕಳಿಸಿದೆ. ಆ ಬಾಗಿಲಿಗೆ ಇನ್ನು ಚಿಲಕ ಹಾಕಕೂಡದು. ದಿಮ್ಮಿಗೆ ಒದೆ ತಪ್ಪಬಾರದು.

ಹಿತ್ತಲ ದಿಮ್ಮಿಗಳನ್ನೂ ಅಲ್ಲಿಗೇ ಉರುಳಿಸಿದ್ದೇನೆ. ಸಾಲಾಗಿ ನಿಲ್ಲಿಸಿಲ್ಲ. ನೋಡಲು ಕಷ್ಟವಾಗುತ್ತದೆ, ನೋಡುವುದಿಲ್ಲ. ಅಲ್ಲಿನ ಕಾರುಬಾರೆಲ್ಲ ಸೊಸೆಯದು, ಅಪ್ಪಣೆ ಇಲ್ಲದೆ ನಾನೂ ಒಳಗೆ ಕಾಲಿಡುವುದಿಲ್ಲ ಎಂದು ಅವಳಿಗೇ ಹೇಳಿದೆ. ಡ್ಯೂಟಿಗೆ ಹೊತ್ತಾಯಿತು ಅತ್ತೆ ಎಂದು ಓಡಿದಳು. ಗೇಟು ದಾಟುವಾಗ ನಗುತ್ತಿದ್ದಳು.

ಬ್ರಷ್ಷನ್ನು ಕಸದ ಗಾಡಿಗೆ ಹಾಕಿ ಬಂದೆ. ಗಾಡಿ ತಿರುವು ದಾಟುವವರೆಗೆ ಗೇಟು ಬಿಟ್ಟು ಕದಲಲಿಲ್ಲ, ಎಲ್ಲಿ ಮನಸ್ಸು ತಡೆಯದೆ ಬ್ರಷ್ಷಿಗಾಗಿ ಗಾಡಿಯ ಹಿಂದೆ ಓಡಿಬಿಡುತ್ತೇನೋ ಎಂದು.