ಬ್ರೇಕ್ ಮೇಷ್ಟ್ರು ರೇಸಿಗಿಳಿದದ್ದು

ಫೆಬ್ರವರಿ ೧೬, ಭಾನುವಾರ

ಪ್ರೀತಿಯ ಮಗಳಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ನಾನು ಕ್ಷೇಮ ಎಂದು ಬರೆದರೆ ಮುಕ್ಕಾಲು ಪಾಲು ನಿಜ. ಬಲಗಡೆಯ ಪಕ್ಕೆಲುಬು ಇನ್ನೂ ನೋಯುತ್ತಿದೆ. ಗಾಬರಿಯಾಗಬೇಡ, ಕಾರಣ ಮುಂದೆ ಹೇಳುತ್ತೇನೆ. ಮನೆ ಬದಲಾಯಿಸಿದ ಸುದ್ದಿ ತಿಳಿಸಿ ನೀನು ಬರೆದ ನಾಲ್ಕು ಸಾಲು ನವೆಂಬರಿನಲ್ಲೇ ಬಂದಿತ್ತು. ಉತ್ತರಿಸಲು ಮೂರು ತಿಂಗಳು ಹಿಡಿಯಿತು. ಪೆನ್ನು ಹಿಡಿದು ಕೂತಾಗಲೆಲ್ಲ ‘ನಾನು ಕ್ಷೇಮ’ ಎಂಬಲ್ಲಿಗೆ ಮಾತು ಮುಗಿದುಹೋಗುತ್ತಿತ್ತು. ಕ್ಷಮಿಸು.

ಈಗ ಬರೆಯಲು ಸುದ್ದಿಯಿದೆ. ನಿನ್ನ ಅಪ್ಪ ಕಾರ್ ರೇಸಿಗೆ ಸೇರಿದ. ನಗಬೇಡ. ಅಥವಾ ನಗು, ಪರವಾಗಿಲ್ಲ.

ಡ್ರೈವಿಂಗ್ ಸ್ಕೂಲಿನ ಮಾಲೀಕರು ಮಧ್ಯಾಹ್ನದ ಪಾಠಗಳನ್ನೆಲ್ಲ ಹೊಸಬರಿಗೆ ಕೊಟ್ಟುಬಿಟ್ಟರು. ಬೆಳಿಗ್ಗೆ ಹತ್ತೂವರೆಗೆ ನನ್ನ ಕೆಲಸ ಮುಗಿಯುತ್ತದೆ. ಮನೆಗೆ ಬಂದು ಒಂದು ತಟ್ಟೆ, ಒಂದು ಲೋಟ ತೊಳೆದಿಟ್ಟರೆ ಮಿಕ್ಕ ದಿನವೆಲ್ಲ ಖಾಲಿ. ನಿನ್ನಮ್ಮ ಇದ್ದಾಗ ಈ ಮನೆ ಇಕ್ಕಟ್ಟು ಅನ್ನಿಸುತ್ತಿತ್ತು. ಈಗ ಫೋನ್ ರಿಂಗಾದರೆ ಯಾವ ಕೋಣೆಯಲ್ಲಿಟ್ಟೆ ಎಂದು ಹುಡುಕಬೇಕು. ಹುಡುಕಿ ಎತ್ತಿಕೊಂಡರೆ ರಾಂಗ್ ನಂಬರು. ಮೂವತ್ತೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತು, ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿ ‘ಬ್ರೇಕ್ ಮೇಷ್ಟ್ರು’ ಅನ್ನಿಸಿಕೊಂಡವನು ನಾನು. ಸಾಯುವುದರೊಳಗೆ ಒಂದು ಸಲವಾದರೂ ಗಾಡಿಯನ್ನು ಜೋರಾಗಿ ಓಡಿಸಬೇಕು ಅನ್ನಿಸಿತು.

ಹೆಲ್ಮೆಟ್ ಕೊಂಡು ನಮ್ಮ ಹಳೇ ಮೆಕ್ಯಾನಿಕ್ ಹತ್ತಿರ ಹೋದೆ. ನಿನಗೆ ಗೊತ್ತಲ್ಲ, ನಮಸ್ಕಾರಕ್ಕೂ ಮುಂಚೆ ಬಾನೆಟ್ ತೆಗೆಯುವವನು.

"ಏನ್ ಮೇಷ್ಟ್ರೇ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದ್ರಾ? ಯಾವ ಕ್ಲಾಸಲ್ಲಿ ಓಡಿಸ್ತೀರಿ ಅಂತ ಮೊದಲು ಹೇಳಿ," ಎಂದ. ರೇಸಿನಲ್ಲೂ ಕ್ಲಾಸುಗಳಿವೆ ಎಂದು ನನಗೆ ತಿಳಿದದ್ದೇ ಆಗ. ಟ್ರ್ಯಾಕಿನ ಮೇಲೆ ಎಲ್ಲರೂ ಒಟ್ಟಿಗೆ ಓಡಿಸುತ್ತಾರಲ್ಲ, ಅದು ಎಂದೆ. "ಅದಕ್ಕೆ ಕಾರೊಳಗೆ ಕಬ್ಬಿಣದ ಪಂಜರ ಕೂರಿಸ್ಬೇಕು, ಸೀಟು ಬದಲಾಯಿಸ್ಬೇಕು, ಟೈರು ಬೆಣ್ಣೆ ಕರಗಿದ ಹಾಗೆ ಕರಗ್ತವೆ. ಕಾರು ತರೋದು ಸುಲಭ, ಅದಕ್ಕೆ ಉಣ್ಸೋದೇ ಕಷ್ಟ. ನಿಮ್ಮ ಗಂಟು ಮೊದಲನೇ ತಿರುವಿನಲ್ಲೇ ಖಾಲಿ." ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದುಕೊಂಡು ಹೊರಟುಬಂದೆ.

ಗೋ-ಕಾರ್ಟ್ ಅಗ್ಗ ಎಂದರು. ಬಾಡಿಗೆಗೂ ಸಿಗುತ್ತದೆ. ನೆಲಕ್ಕಂಟಿದ ಆ ಪುಟ್ಟ ಗಾಡಿಯೊಳಗೆ ಇಬ್ಬರು ಸೇರಿ ನನ್ನನ್ನು ತುಂಬಿದರು; ಹೊರಗೆಳೆಯಲು ಮೂವರು ಬೇಕಾದರು. ಪಕ್ಕೆಲುಬಿನ ಕಥೆ ಅದೇ.

ನಾಲ್ವರು ಸೇರಿ ಒಂದೇ ಹಳೆಯ ಕಾರನ್ನು ಸರದಿಯ ಮೇಲೆ ಎಂಟು ಗಂಟೆ ಓಡಿಸುವ ಕ್ಲಾಸೂ ಇದೆ. ಖರ್ಚು ನಾಲ್ಕು ಪಾಲಾಗುತ್ತದೆ. ಉಳಿದ ಮೂವರನ್ನು ಹುಡುಕಲು ಹೊರಟೆ. ಸ್ಕೂಲಿನ ಕ್ಲರ್ಕಮ್ಮ "ಮೊಮ್ಮಗು ನೋಡ್ಕೊಳ್ಳೋದೇ ನಂಗೆ ರೇಸು" ಎಂದರು. ಹಳೆಯ ಸಹೋದ್ಯೋಗಿ "ನೋಡೋಣ" ಎಂದ. ಆ ‘ನೋಡೋಣ’ದ ಅರ್ಥ ನನಗೆ ಗೊತ್ತು. ಮೂರನೆಯವರಾಗಿ ಯಾರನ್ನು ಕೇಳಲಿ ಎಂದು ಯೋಚಿಸಿದೆ, ಯಾರೂ ಹೊಳೆಯಲಿಲ್ಲ. ಒಂದೊಂದು ಸಿಗ್ನಲ್ಲಿನಲ್ಲೂ ನನ್ನ ಹತ್ತಿರ ಕಲಿತ ನಾಲ್ಕು ಜನ ಕೈಯೆತ್ತಿ ನಮಸ್ಕಾರ ಹೇಳುತ್ತಾರೆ ಮಗಳೇ. ಅವರಲ್ಲಿ ಒಬ್ಬರ ಮನೆಯ ಬಾಗಿಲೂ ನಾನು ತಟ್ಟಿದ್ದಿಲ್ಲ.

ಕೊನೆಗೆ ಈ ರೇಸುಗಳನ್ನು ನಡೆಸುವ ಕ್ಲಬ್ಬಿನ ಕಾರ್ಯದರ್ಶಿಯನ್ನು ಕಂಡೆ. ಆಕೆ ವೃತ್ತಿಯಲ್ಲಿ ದಂತವೈದ್ಯೆ. "ಹಾಗಿದ್ರೆ ರ‍್ಯಾಲಿ ಮಾಡಿ. ಇರೋ ಕಾರಲ್ಲೇ ನಡೆಯತ್ತೆ, ವೇಗಾನೂ ಬೇಡ, ಹೇಳಿದ ಹೊತ್ತಿಗೆ ಹೇಳಿದ ಜಾಗ ಮುಟ್ಟಿದ್ರಾಯ್ತು. ಪಕ್ಕದಲ್ಲಿ ಕೂತು ದಾರಿ ಓದಿ ಹೇಳೋರು ಒಬ್ಬರು ಬೇಕು ಅಷ್ಟೆ. ಮನೇಲಿ ಯಾರಾದ್ರೂ ಇರ್ತಾರಲ್ಲ?"

"ಇಲ್ಲ ಡಾಕ್ಟ್ರೇ. ಯಾರೂ ಇಲ್ಲ," ಎಂದೆ.

ಆಕೆ ಕನ್ನಡಕ ತೆಗೆದು ಒರೆಸಿಕೊಂಡರು. "ಒಬ್ಬರೇ ಓಡಿಸೋ ಕ್ಲಾಸೂ ಇದೆ ಬಿಡಿ," ಎಂದರು.

ಹಾಗೆ ಸಿಕ್ಕಿತು ನನ್ನ ಕ್ಲಾಸು. ಮುಚ್ಚಿದ ಕಾರ್ಖಾನೆಯೊಂದರ ಅಂಗಳದಲ್ಲಿ ಕಿತ್ತಳೆ ಬಣ್ಣದ ಶಂಕುಗಳನ್ನು ಸಾಲಾಗಿಟ್ಟಿರುತ್ತಾರೆ. ಅವಕ್ಕೆ ತಾಗದಂತೆ ಬಳಸಿ ಓಡಿಸಬೇಕು; ಒಂದು ಸಲಕ್ಕೆ ಒಂದೇ ಕಾರು, ಒಬ್ಬೊಬ್ಬರಿಗೆ ಮೂರು ಸುತ್ತು, ಎದುರಾಳಿ ಗಡಿಯಾರ. ಸಣ್ಣ ಎಂಜಿನ್ನಿನ, ಏನೂ ಬದಲಾಯಿಸದ ಕಾರುಗಳಿಗೆ ಬೇರೆಯೇ ಕ್ಲಾಸು. ನಮ್ಮ ಹಳೇ ಬಿಳಿ ಕಾರು ಸಾಕಾಯಿತು.

ಹೋದ ಭಾನುವಾರ ಹೋಗಿದ್ದೆ. ಬಾವುಟ ಬೀಸಿದ ಕೂಡಲೇ ನನ್ನ ಬಾಯಿ ತಾನಾಗಿ ಶುರುಹಚ್ಚಿಕೊಂಡಿತು: "ಕ್ಲಚ್ ಬಿಡು, ನಿಧಾನ, ಎರಡನೇ ಗೇರು, ಕನ್ನಡಿ ನೋಡು." ಹಿಂದೆ ಯಾವ ಕಾರೂ ಇರಲಿಲ್ಲ. ನಾಲ್ಕು ಶಂಕು ಬೀಳಿಸಿ ನಿಂತೆ. ಬಾವುಟದವನು ಕಿಟಕಿಗೆ ಬಂದ. "ಸಾರ್, ಯಾರ ಹತ್ರ ಮಾತಾಡ್ತಿದ್ರಿ?"

"ಕಲಿಯೋರ ಹತ್ರ," ಎಂದೆ. ಅವನು ಬಗ್ಗಿ ಪಕ್ಕದ ಸೀಟನ್ನು ನೋಡಿದ.

ಮೂರನೇ ಸುತ್ತಿನಲ್ಲಿ ತುಟಿ ಕಚ್ಚಿಕೊಂಡು ಓಡಿಸಿದೆ. ಉದ್ದನೆಯ ಸಾಲಿನಲ್ಲಿ ಮೂರನೇ ಗೇರು ಹಾಕಿದಾಗ ಕಾರು ನನ್ನನ್ನು ಸೀಟಿಗೆ ಒತ್ತಿತು. ನಲವತ್ತೆಂಟು ಸೆಕೆಂಡು ತಲೆಯಲ್ಲಿ ಒಂದೂ ಯೋಚನೆಯಿಲ್ಲ. ಹನ್ನೊಂದು ಜನರಲ್ಲಿ ಏಳನೆಯವನಾದೆ. ಮೊದಲ ಸ್ಥಾನ ಯಾರಿಗೆ ಗೊತ್ತೆ? ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದ ನರ್ಸಮ್ಮನಿಗೆ! ಬಹುಮಾನ ತೆಗೆದುಕೊಳ್ಳುವಾಗ ಎಲ್ಲರೆದುರು ನನ್ನತ್ತ ಕೈ ತೋರಿಸಿದಳು. "ನಂಗೆ ಕಲಿಸಿದ್ದು ಇವ್ರು. ಮೂರು ಸಲ ಫೇಲಾದ್ರೂ ಒಂದಿನ ಗದರ್ಲಿಲ್ಲ." ಜನ ಚಪ್ಪಾಳೆ ತಟ್ಟಿದರು. ನಾನು ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿದೆ.

ಮನೆಗೆ ಬಂದ ಮೇಲೆ ಏಳನೇ ಸ್ಥಾನವನ್ನು ಯಾರಿಗಾದರೂ ಹೇಳಬೇಕೆನಿಸಿತು. ಪಕ್ಕದ ಮನೆಯವರಿಗೆ ಹೇಳಿದೆ. "ಒಳ್ಳೇದಾಯ್ತು," ಎಂದು ಕಿಟಕಿ ಹಾಕಿಕೊಂಡರು. ವಾರವಿಡೀ ತಡೆದು, ಇವತ್ತು ನಿನಗೆ ಬರೆಯುತ್ತಿದ್ದೇನೆ.

ಹೊಸ ಮನೆಯಲ್ಲಿ ನೀರು ಚೆನ್ನಾಗಿ ಬರುತ್ತದೆಯೇ? ಲ್ಯಾಬಿನ ಕೆಲಸದ ಗಡಿಬಿಡಿಯಲ್ಲಿ ಊಟ ತಪ್ಪಿಸಬೇಡ. ನೂರು ಕಾಲ ತಣ್ಣಗೆ ಬಾಳು ಮಗಳೇ.

ನಿನ್ನ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ನರ್ಸಮ್ಮ ಹೇಳಿದ್ದು ನಿಜ. ಪರರ ಮಕ್ಕಳ ಮೇಲೆ ನಾನು ಯಾವತ್ತೂ ದನಿಯೆತ್ತಲಿಲ್ಲ. ನಿನಗೆ ಹದಿನೆಂಟು ತುಂಬಿದ ವಾರ, ಮೊದಲನೇ ಪಾಠದಲ್ಲೇ, ನಾಲ್ಕು ರಸ್ತೆ ಕೂಡುವಲ್ಲಿ ಎಂಜಿನ್ ನಿಂತಿತೆಂದು ನಿನ್ನ ಕೈಗೆ ಹೊಡೆದೆ. "ನಿನ್ ಕೈಲಿ ಏನೂ ಆಗಲ್ಲ" ಎಂದೆ. ನೀನು ಬಾಗಿಲು ತೆಗೆದು ಇಳಿದು ನಡೆದುಬಿಟ್ಟೆ. ಹನ್ನೆರಡು ವರ್ಷವಾಯಿತು, ನೀನು ನನ್ನ ಕಾರು ಹತ್ತಿಲ್ಲ. ಅಮ್ಮ ಹೋದ ದಿನವೂ ಬಸ್ಸಿನಲ್ಲಿ ಬಂದೆ, ಬಸ್ಸಿನಲ್ಲೇ ಹೋದೆ. ಯಾರೂ ಇಲ್ಲ ಎಂದು ಡಾಕ್ಟರಿಗೆ ಹೇಳಿದ್ದು ಸುಳ್ಳು. ನಿನ್ನನ್ನು ಕೇಳಲು ನನಗೆ ಮುಖವಿರಲಿಲ್ಲ. ನಿನಗೆ ಇಷ್ಟು ದಿನ ಹೇಳದ್ದು ಒಂದಿದೆ. ಅವತ್ತು ನೀನು ಒಮ್ಮೆ ತಿರುಗಿ ನೋಡಿದ್ದನ್ನು ನಾನು ಕಂಡಿದ್ದೆ. ಕಾರನ್ನು ಬದಿಗೆ ಹಾಕಿ ಓಡಿ ಬರಬೇಕಿತ್ತು. ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ದೀಪ ಹಸಿರಾಗಿತ್ತು. ನಾನು ನಿನ್ನ ಸೀಟಿಗೆ ಸರಿದು ಹೊರಟುಬಿಟ್ಟೆ.